ಖಾಲಿ ಮಂಚದ ಸ್ಕ್ಯಾನ್

ನಾನು ಸ್ಕ್ಯಾನ್ ತೆಗೆಯುವವಳು. ದೆವ್ವ ಭೂತ ಅಂದರೆ ನಗುವವರ ಪೈಕಿ. ಶ್ವಾಸಕೋಶದ ಕ್ಯಾನ್ಸರನ್ನು ಮೊಳಕೆಯಲ್ಲೇ ಹಿಡಿಯುವ ಹೊಸ ಯಂತ್ರವೊಂದು ನಮ್ಮಲ್ಲಿ ಪ್ರಯೋಗಕ್ಕೆ ಬಂದಿತ್ತು. ದಿನಾ ಬೆಳಿಗ್ಗೆ, ರೋಗಿಗಳು ಬರುವ ಮೊದಲು, ಖಾಲಿ ಮಂಚದ ಚಿತ್ರ ತೆಗೆದು ಯಂತ್ರ ಸರಿಯಿದೆಯೇ ಎಂದು ನೋಡಬೇಕು. ಚಿತ್ರದಲ್ಲಿ ಬರೀ ಕಪ್ಪು ಇರಬೇಕು.

ಆ ಸೋಮವಾರ ಪಕ್ಕೆಲುಬುಗಳು ಕಂಡವು, ನೀರಿನಲ್ಲಿ ಅಲುಗಿದ ನೆರಳಿನಂತೆ ಮಸುಕಾಗಿ. ಒಳಗೆ ಹೋಗಿ ಮಂಚ ಮುಟ್ಟಿದೆ. ಈಗಷ್ಟೇ ಯಾರೋ ಎದ್ದು ಹೋದಂತೆ ಹಾಸು ಬೆಚ್ಚಗಿತ್ತು.

ನರ್ಸ್ ಅಕ್ಕನನ್ನು ಕರೆದೆ. "ನಿನ್ನೆ ಬಂದೋರ ಚಿತ್ರ ಉಳ್ಕೊಂಡಿರ್ಬೇಕು ಕಣೇ," ಎಂದಳು.

"ನಿನ್ನೆ ಭಾನುವಾರ ಅಲ್ವೇನಕ್ಕಾ? ಯಾರು ಬಂದಿದ್ರು?"

ಮತ್ತೆ ತೆಗೆದೆ. ಅದೇ ಪಕ್ಕೆಲುಬುಗಳು, ಎಡಗಡೆ ಬಟಾಣಿಯಷ್ಟು ಗಂಟು.

"ಮೆಷಿನ್ ಸುಳ್ಳು ಹೇಳ್ತಿದ್ರೆ ಟ್ರಯಲ್ಲೇ ನಿಂತುಹೋಗುತ್ತೆ. ಸರಿಯಾಗಿ ನೋಡು," ಎನ್ನುತ್ತಾ ಅಕ್ಕ ಪರದೆಯತ್ತ ಬಾಗಿದಳು.

ಮಲಗಿದವರು ಉಸಿರಾಡಿದರೆ ಚಿತ್ರ ಹೀಗೆಯೇ ಮಸುಕಾಗುತ್ತದೆ. ಅದು ನೆನಪಾಯಿತು. ಏನನ್ನಿಸಿತೋ, ಮೂರನೆಯ ಸಲ ಮೈಕ್ ಒತ್ತಿ, ಎಲ್ಲರಿಗೂ ಹೇಳುವಂತೆಯೇ ಹೇಳಿದೆ: "ಉಸಿರು ಬಿಗಿಹಿಡ್ಕೊಳ್ಳಿ."

ಚಿತ್ರ ಗೆರೆ ಕೊರೆದಷ್ಟು ನಿಚ್ಚಳವಾಗಿ ಬಂತು.

'ಇನ್ನು ಉಸಿರು ಬಿಡಿ' ಎಂದು ಹೇಳಲು ಮಾತ್ರ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.