ಒಳಗೆ ಬಾರದವನು

ಭಾವ ಆ ಮಾತು ಹೇಳಿದ್ದು ಊಟಕ್ಕೆ ಕೂತಾಗ, ಅಕ್ಕ ಬಡಿಸುತ್ತಿದ್ದಂತೆಯೇ.

"ಆಸ್ಪತ್ರೆಯವರಿಗೆ ಯಾರಾದ್ರೂ ಒಬ್ಬ ಬಲಿ ಬೇಕು. ನಂಗೆ ಹೆಂಡತಿ ಮಕ್ಕಳಿದಾರೆ. ನೀನು ಒಂಟಿ ಜೀವ, ಹೇಗೋ ಆಗುತ್ತೆ. ನಾಳಿದ್ದು ವಿಚಾರಣೇಲಿ ನಿನ್ನ ಹೆಸರೇ ಹೇಳ್ತೀನಿ."

ಎದುರಿಗೆ ಕೂತಿದ್ದ ಅಕ್ಕನ ತಮ್ಮ ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿದ. ಕೈ ತೊಳೆದು ಬರುವಷ್ಟರಲ್ಲಿ ಭಾವನನ್ನು ಕೊಲ್ಲುವುದೆಂದು ತೀರ್ಮಾನವಾಗಿತ್ತು.

ಆಸ್ಪತ್ರೆಯ ಡೇಟಾಬೇಸ್ ಕಾಯುವುದು ಅವನ ಕೆಲಸ. ಯಾವ ರೋಗಿಯದು ಯಾವ ರಕ್ತ, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ, ಎಲ್ಲವೂ ಅವನು ಜೋಡಿಸಿಟ್ಟ ಸಾಲುಗಳಲ್ಲಿತ್ತು. ದಿನವೂ ಅದರ ನಕಲು ತೆಗೆದಿಡುತ್ತಿದ್ದ. ತೆಗೆದಿಟ್ಟರೆ ಸಾಲದು. ಡಬ್ಬಿಯಲ್ಲಿ ತುಂಬಿದ ಬೇಳೆಯನ್ನು ಆಗಾಗ ಸುರುವಿ ಹುಳ ಬಿದ್ದಿದೆಯೇ ಎಂದು ನೋಡುವಂತೆ, ನಕಲನ್ನೂ ಬೇರೊಂದು ಯಂತ್ರಕ್ಕೆ ಹಾಕಿ ಪರೀಕ್ಷಿಸುತ್ತಿರಬೇಕು. ಆ ಯಂತ್ರಕ್ಕಾಗಿ ವಿಭಾಗದ ಮುಖ್ಯಸ್ಥನಾದ ಭಾವನ ಬೆನ್ನು ಹತ್ತಿ ಸಾಕಾಗಿತ್ತು. "ನಿಂದು ಯಾವಾಗ್ಲೂ ಒಂದು ಗೋಳು" ಎಂದು ಭಾವ ನಗುತ್ತಿದ್ದ. ಕೊನೆಗೆ ಡಿಸ್ಕುಗಳು ಕೈಕೊಟ್ಟವು, ನಕಲು ತೆರೆಯಲೇ ಇಲ್ಲ. ಒಗ್ಗದ ಔಷಧ ಚುಚ್ಚಿಸಿಕೊಂಡ ಹುಡುಗಿಯೊಬ್ಬಳು ಸೆಟೆದು ಸೆಟೆದು ವಾರ್ಡಿನಲ್ಲೇ ಸತ್ತಳು.

ಆ ಸಾವನ್ನು ಈಗ ಅವನ ತಲೆಗೆ ಕಟ್ಟುತ್ತಾರೆ. ಮಾತಾಡುವ ಬಾಯಿ ನಾಳೆಯೇ ಮುಚ್ಚಿದರೆ, ಯಂತ್ರ ಕೊಡದವನ ತಲೆಗೇ ಅದು ಹೋಗುತ್ತದೆ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಹೇಳಿದ: "ಭಾವ, ಹಳೇ ನಕಲೊಂದರಿಂದ ಎಲ್ಲಾ ವಾಪಸ್ ಬರೋ ಹಾಗಿದೆ. ನಾಳೆ ರಜೆ, ಸರ್ವರ್ ಕೋಣೇಲಿ ಯಾರೂ ಇರಲ್ಲ. ನೀವೇ ಬನ್ನಿ. ನೀವೇ ಮಾಡಿದ್ದು ಅಂತ ಹೇಳ್ಕೊಳ್ಳಿ."

"ಈಗ ಬಂತು ನೋಡು ಬುದ್ಧಿ" ಎಂದು ಭಾವ ಅವನ ಬೆನ್ನು ತಟ್ಟಿದ. ಆ ಕೈಯ ಬಿಸಿ ಬಹಳ ಹೊತ್ತು ಬೆನ್ನಿನ ಮೇಲೆ ಉಳಿಯಿತು.

ಸರ್ವರ್ ಕೋಣೆಯ ಬಾಗಿಲಿಗೆ ಬೀಗದ ಕೈ ಇಲ್ಲ. ಅದು ಮುಖ ನೋಡುತ್ತದೆ, ಗುರುತು ಹಿಡಿದು ತೆರೆಯುತ್ತದೆ, ಬಂದವರ ಹೆಸರನ್ನು ತನ್ನದೇ ಬೇರೊಂದು ಡೇಟಾಬೇಸಿಗೆ ಬರೆಯುತ್ತದೆ; ಅದು ಕೆಟ್ಟಿರಲಿಲ್ಲ. ಬೇರೆ ಕೊಲೆಗಾರರು ಬೆರಳಚ್ಚು ಒರೆಸುತ್ತ ಒದ್ದಾಡಲಿ, ಅವನಿಗೆ ಆ ಪಾಡು ಬೇಡ. ಮನೆಯ ಮಂಚದ ಮೇಲೆ ಕೂತೇ ಒಂದು ಸಣ್ಣ ಆಜ್ಞೆ ಬರೆದ: ತನ್ನ ಹೆಸರಿನ ಸಾಲು ಬಂದ ಕ್ಷಣವೇ ಅಳಿಸಿಹೋಗಬೇಕು. ಡೇಟಾಬೇಸ್ ತಿದ್ದುವ ಅವನ ಅಧಿಕಾರಗಳನ್ನೆಲ್ಲ ಭಾವ ಆಗಲೇ ಕಿತ್ತುಕೊಂಡಿದ್ದ, ಬಾಗಿಲಿನಿಂದ ಮಾತ್ರ ಅವನ ಮುಖ ತೆಗೆಸಿರಲಿಲ್ಲ. ಆದರೆ ಆಪತ್ತಿಗೆಂದು ಬೇರೆ ಹೆಸರಿನಲ್ಲಿ ಮಾಡಿಟ್ಟುಕೊಂಡ ಖಾತೆಯೊಂದಿತ್ತು. ಆಜ್ಞೆ ಕೂರಿಸಿ ಆ ಖಾತೆಯನ್ನೂ ಬೇರುಸಹಿತ ಕಿತ್ತುಹಾಕಿದ. ಕ್ಯಾಮೆರಾ ದೃಶ್ಯಗಳನ್ನು ಕೂಡಿಡುವ ಡಿಸ್ಕು ಕೆಟ್ಟವುಗಳ ಜೊತೆಗೇ ಕೆಟ್ಟಿತ್ತು. ದಾಖಲೆಯ ಪ್ರಕಾರ ಭಾವ ಒಬ್ಬನೇ ಬಂದು, ಮೇಲಿನ ಹಲಗೆಯಿಂದ ಬ್ಯಾಟರಿ ಎಳೆಯಲು ಹೋಗಿ, ಅದರಡಿ ಸಿಕ್ಕು ಸತ್ತಿರುತ್ತಾನೆ.

ಮರುದಿನ ಹಿಂದಿನ ಮೆಟ್ಟಿಲಿನಿಂದ ಹತ್ತಿ, ಬಾಗಿಲಿಗೆ ಮುಖ ತೋರಿಸಿ ಒಳಹೊಕ್ಕ. ಪ್ಲಾಸ್ಟಿಕ್ ಮೇಲಂಗಿ ತೊಟ್ಟು, ಇಟ್ಟಿಗೆಗಿಂತ ಭಾರದ ಬ್ಯಾಟರಿಯನ್ನು ಎರಡು ಕೈಯಲ್ಲಿ ಹಿಡಿದು ಯಂತ್ರಗಳ ಹಿಂದೆ ನಿಂತ. ಭಾವ ಬಂದ. ಅವನನ್ನು ಹುಡುಕುತ್ತ ಮಾತಾಡುತ್ತಲೇ ಬಂದ.

"ಎಲ್ಲಿದೀಯೋ? ನಿಮ್ಮಕ್ಕ ರಾತ್ರಿಯೆಲ್ಲ ನನ್ನ..."

ಒಂದೇ ಏಟು ಎಂದುಕೊಂಡಿದ್ದ. ಮೊದಲ ಏಟಿಗೆ ಭಾವ ಮಂಡಿಯೂರಿ, ಹಲ್ಲು ಉಗುಳಿ, ಅವನ ಕಾಲು ತಬ್ಬಿಕೊಂಡ. ಆಗ ಯಂತ್ರಕ್ಕಾಗಿ ಅಂಗಲಾಚಿದ್ದೆಲ್ಲ ಅವನ ರಟ್ಟೆಗೆ ಇಳಿದುಬಂತು. ಎತ್ತಿದ, ಹಾಕಿದ, ಮತ್ತೆ ಎತ್ತಿದ. ತಬ್ಬಿದ ಕೈ ಸಡಿಲವಾದಾಗ ಭಾವನ ಮುಖದಲ್ಲಿ ಕಣ್ಣು ಯಾವುದು ಮೂಗು ಯಾವುದು ಎಂದು ಹೇಳುವಂತಿರಲಿಲ್ಲ.

ಬ್ಯಾಟರಿಯನ್ನು ಆ ಮುಖದ ಮೇಲೆಯೇ ಬಿಟ್ಟು, ಹಲಗೆಯ ಮೊಳೆ ಸಡಿಲಿಸಿ ವಾಲಿಸಿದ. ಮೇಲಂಗಿ ಕಳಚಿ ಚೀಲಕ್ಕೆ ತುರುಕುವಾಗ ಫೋನ್ ಬಡಿದುಕೊಂಡಿತು. ಅಕ್ಕ. ತೆಗೆಯದಿದ್ದರೆ ಅನುಮಾನ.

"ಎಲ್ಲಿದೀಯೋ?"

"ಮನೇಲಿ. ಮಲಗಿದ್ದೆ."

"ಏನದು ಗುಂಯ್ ಅಂತಿರೋದು?"

"ಫ್ಯಾನು ಕಣೇ."

"ಅದಕ್ಕೊಂದಿಷ್ಟು ಎಣ್ಣೆ ಹಾಕ್ಸೋ, ಕಿವಿ ಹೋಗುತ್ತೆ." ಅಕ್ಕ ನಕ್ಕಳು. ಆಮೇಲೆ ದನಿ ಇಳಿಸಿದಳು. "ಕೇಳಿಲ್ಲಿ, ಮನಸ್ಸಿಗೆ ಹಚ್ಕೋಬೇಡ. ರಾತ್ರಿಯೆಲ್ಲ ಜಗಳ ಆಡಿದೀನಿ ನಿನ್ನ ಭಾವನ ಜೊತೆ. ತಪ್ಪು ತಮ್ಮದೇ ಅಂತ ಹೇಳ್ತಾರಂತೆ. ನಿಂಗೆ ತಾವೇ ಹೇಳ್ತೀನಿ ಅಂದ್ರು. ಈಗ ಫೋನ್ ತೆಗೀತಿಲ್ಲ. ನಾನು ಆಸ್ಪತ್ರೆ ಕೆಳಗೇ ಇದೀನಿ, ಕಾವಲಿನವನ ಜೊತೆ ಮೇಲೆ ಹತ್ತಿ ನೋಡ್ತೀನಿ."

ಅವನು ನೆಲದ ಕಡೆ ನೋಡಲಿಲ್ಲ. ಅಳುವುದಿದ್ದರೆ ಆಮೇಲೆ. ಹಿಂದಿನ ಮೆಟ್ಟಿಲು ತಲುಪಲು ಇನ್ನೂ ಸಮಯವಿತ್ತು. ಚೀಲ ಹೆಗಲಿಗೇರಿಸಿ ಬಾಗಿಲಿಗೆ ಮುಖ ಒಡ್ಡಿದ.

ಬಾಗಿಲು ಅವನ ಗುರುತು ಹಿಡಿಯಿತು, ಆದರೆ ತೆರೆಯಲಿಲ್ಲ. ಒಬ್ಬರ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬರು ನುಗ್ಗಬಾರದೆಂದು, ಒಳಗೆ ಬಂದ ಸಾಲು ಇಲ್ಲದವರನ್ನು ಅದು ಹೊರಗೆ ಬಿಡುವುದಿಲ್ಲ. ಹಾಗೆ ಸಿಕ್ಕಿಕೊಂಡ ಎಷ್ಟೋ ಜನರನ್ನು ಅವನೇ ನಗುತ್ತ ಬಿಡಿಸಿದ್ದ, ಹೊಸದೊಂದು ಸಾಲು ಬರೆದು. ಬರೆಯುವ ಖಾತೆಯನ್ನು ಕಿತ್ತುಹಾಕಿದವನೂ ಅವನೇ. ತೋರಿಸೋಣವೆಂದರೆ ಭಾವನಿಗೆ ಮುಖವೇ ಇರಲಿಲ್ಲ. ತುರ್ತು ಗುಂಡಿ ಒತ್ತಿದರೆ ಇಡೀ ಕಟ್ಟಡ ಅರಚಿಕೊಳ್ಳುತ್ತದೆ. ಮತ್ತೆ ಮುಖ ಒಡ್ಡಿದ, ಮತ್ತೆ ಒಡ್ಡಿದ. ಪ್ರತಿ ಸಲವೂ ಅವನು ಬಂದೇ ಇಲ್ಲವೆಂದು ಬಾಗಿಲ ಪಕ್ಕದ ಪುಟ್ಟ ತೆರೆ ಹೇಳಿತು. ಆಚೆ ಕಡೆ ಹೆಜ್ಜೆಗಳು ನಿಂತವು. "ಒಳಗೆ ಸಾಹೇಬ್ರು ಒಬ್ರೇ ಇದಾರಮ್ಮ, ಕಂಪ್ಯೂಟರ್‌ನಲ್ಲಿ ಹಾಗೇ ತೋರಿಸ್ತಿದೆ" ಎಂದು ಕಾವಲಿನವನು ಅಕ್ಕನಿಗೆ ಹೇಳುತ್ತ ಬಾಗಿಲಿಗೆ ತನ್ನ ಮುಖ ತೋರಿಸಿದ.