ದ್ವೀಪದ ನಿಲ್ದಾಣದಲ್ಲಿ ಕಳೆದ ಅಡ್ಡಿಕೆ

"ಚಪ್ಪಲಿ ಹೊರಗ ಬಿಡ್ಲೇನ್ರಿ?" ಎಂದಳು ಬಾಗಿಲಲ್ಲಿ ನಿಂತ ಹುಡುಗಿ. ಅತ್ತು ಅತ್ತು ಮುಖ ಊದಿತ್ತು.

"ಹೂಂ, ಆಚೆ ಬಿಟ್ಬಿಟ್ಟು ಬನ್ನಿ ಮೇಡಂ," ಎಂದೆ.

ಅವಳು ಒಂದು ಗಳಿಗೆ ತಬ್ಬಿಬ್ಬಾಗಿ ಎದುರು ಮನೆಯ ಕಡೆ ನೋಡಿದಳು. ಪಾಪ, ದುಃಖದಲ್ಲಿ ಮಾತೇ ಕಿವಿಗೆ ಬಿದ್ದಿಲ್ಲ ಅಂದುಕೊಂಡೆ. ಜೆ.ಪಿ. ನಗರದಲ್ಲಿ ಔಷಧಿ ಅಂಗಡಿಯ ಮೇಲಿರುವ ಈ ಪತ್ತೇದಾರಿ ಕಚೇರಿ ನನ್ನ ದೊಡ್ಡಮ್ಮನ ಮಗಳು ಲತಾಮಣಿಯದು. ಬಾಗಿಲು ತೆಗೆಯುವುದು, ಕಾಫಿ ತರಿಸುವುದು, ಆಮೇಲೆ ಕತೆ ಬರೆಯುವುದು ಸಿದ್ಧಾರ್ಥನೆಂಬ ನನ್ನ ಪಾಲಿನ ಕೆಲಸ.

ಹುಡುಗಿಯ ಹೆಸರು ಶ್ವೇತ. ಧಾರವಾಡದವಳು. ಕೋಣನಕುಂಟೆಯ ಬೈರಣ್ಣನವರ ಮಗ ರಘುವನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಇವತ್ತು ಸಂಜೀಕ ಹಿರಿಯರು ಕೂಡ್ತಾರ್ರಿ. ಕಳ್ಳಿ ಅಂತ ಹೇಳಿ ನನ್ನ ತವರಿಗೆ ಕಳಸ್ತಾರ. ನಮ್ಮಪ್ಪ ಇದನ್ನ ಕೇಳಿ ಬದುಕಂಗಿಲ್ಲ," ಎಂದಳು.

"ಮೊದಲಿಂದ ಹೇಳಮ್ಮ," ಎಂದಳು ಲತಕ್ಕ.

ಅತ್ತೆ ಗೌರಮ್ಮ, ಅತ್ತೆಯ ತಮ್ಮ ಚನ್ನವೀರ, ರಘು ಮತ್ತು ಶ್ವೇತ ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪಕ್ಕೆ ಪ್ರವಾಸ ಹೋಗಿದ್ದರು. ವಾಪಸು ಬರುವಾಗ ಅಲ್ಲಿಯ ವಿಮಾನ ನಿಲ್ದಾಣದಲ್ಲೇ ಗೌರಮ್ಮನ ಚಿನ್ನದ ಅಡ್ಡಿಕೆ ಮಾಯವಾಗಿತ್ತು. ತಾಯಿ ಕೊಟ್ಟಿದ್ದೆಂದು ಗೌರಮ್ಮ ಕುತ್ತಿಗೆಯಿಂದ ತೆಗೆಯದೇ ಇದ್ದ ಒಡವೆ ಅದು.

"ಹೆಸರಿಗಷ್ಟ ಇಂಟರ್‌ನ್ಯಾಷನಲ್ರಿ. ಇರೋದು ಒಂದು ಹಾಲ್. ಮೊದಲ ಪಾಸ್‌ಪೋರ್ಟ್ ನೋಡ್ತಾರ, ಆಮ್ಯಾಲ ಸಾಮಾನು ನೋಡೋ ಬೆಲ್ಟ್, ಅದನ್ನ ದಾಟಿದ್ರ ಕೂಡೋ ಜಾಗ. ಅದಕ್ಕ ಗ್ವಾಡಿನೂ ಇಲ್ಲ, ರೋಡಿನ ತನಕ ಬರೇ ಗಿಡಾ ತೋಟ. ಅತ್ತಿ ದಾಟೂವಾಗ ಮಷಿನ್ ಕೂಗ್ತು. ಅಡ್ಡಿಕಿ ಟ್ರೇದಾಗ ಹಾಕಿಸಿ, ಅವರನ್ನ ಪರದೆ ಹಿಂದ ಕರಕೊಂಡು ಹೋದ್ರು. ಅವರ ಟ್ರೇ ಹಿಂದ ನಂದು. ಅವರು ಪರದೆಯಿಂದ ಬರೋದ್ರಾಗ ನಾನೂ ದಾಟಿದ್ದೆ. ಟ್ರೇ ಖಾಲಿ ಇತ್ರಿ."

"ಚನ್ನವೀರ?"

"ಯಾವುದೋ ಚೀಟಿ ಕಳಕೊಂಡು ಪಾಸ್‌ಪೋರ್ಟ್ ಕೌಂಟರಿನಾಗ ಸಿಕ್ಕೊಂಡಿದ್ರು."

"ನಿಮ್ಮ ಯಜಮಾನರು?"

"ಅವರು ಆಚೆ ಬೆಂಚಿನ ಮ್ಯಾಲ ಕೂತು ಶೂ ಲೇಸ್ ಕಟ್ಕೋತಿದ್ರು. ಎಳನೀರು ಸಿಗ್ತದೇನು ನೋಡ್ತೀನಿ ಅಂತ ನಮಗಿಂತ ಮೊದಲ ಹೋಗಿದ್ರು."

"ಅಲ್ಲೇ ಕಂಪ್ಲೇಂಟ್ ಯಾಕೆ ಕೊಡಲಿಲ್ಲ?"

"ವಿಮಾನ ತಪ್ಪಿದ್ರ ಮತ್ತ ಇಲ್ಲ, ಊರಿಗೆ ಹೋಗಿ ನೋಡೂಣು ಅಂತ ನಮ್ಮ ಮನಿಯವರ ಅಂದ್ರು. ಚನ್ನವೀರ ಮಾವಾರೂ ಪೊಲೀಸ್ ಬ್ಯಾಡ ಅಂದ್ರು."

ಅವಳು ಹೋದ ಮೇಲೆ, "ಚನ್ನವೀರನೇ ಅಕ್ಕ. ಅನುಮಾನವೇ ಇಲ್ಲ," ಎಂದೆ.

"ಕೌಂಟರಲ್ಲಿ ಸಿಕ್ಕೊಂಡವನು ಬೆಲ್ಟಿಗೆ ಕೈ ಹಾಕೋಕಾಗುತ್ತೇನೋ? ಸುಮ್ನೆ ಆಟೋ ಕರಿ."

ಕೋಣನಕುಂಟೆಯ ಆ ಮನೆಯ ಹಜಾರದಲ್ಲಿ ಶ್ವೇತಳನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಅದನ್ನು ನೋಡಿಯೇ ನನಗೆ ಮೈ ಉರಿಯಿತು. ಬೈರಣ್ಣ ತಲೆ ತಗ್ಗಿಸಿ ಕೂತಿದ್ದರು. ಗೌರಮ್ಮ ಬರಿದಾದ ಕುತ್ತಿಗೆಯನ್ನು ಸವರಿಕೊಳ್ಳುತ್ತಿದ್ದರು. ಚನ್ನವೀರ ಯಾರ ಮುಖವನ್ನೂ ನೋಡಲಿಲ್ಲ.

"ಮಗಳು ಅಂತ ಮನೆ ತುಂಬಿಸಿಕೊಂಡೆ. ಹಿಂಗಾಗುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ," ಎಂದರು ಬೈರಣ್ಣ.

ರಘು ಮಾತ್ರ ಅವಸರದಲ್ಲಿದ್ದ. "ಇಷ್ಟೆಲ್ಲಾ ಯಾಕೆ ಮೇಡಂ? ಅವಳ ಬೀರು ಒಂದ್ಸಲ ತೆಗೆದು ನೋಡಿದ್ರೆ ಮುಗೀತು."

"ನೋಡೋಣ. ಅದಕ್ಕೂ ಮೊದಲು ನಾನು ಆ ಏರ್‌ಪೋರ್ಟು ನೋಡ್ಬೇಕು," ಎಂದ ಲತಕ್ಕ ಟೀಪಾಯಿಯ ಮೇಲೆ ಕಾಫಿ ಲೋಟಗಳನ್ನು ಸಾಲಾಗಿ ಇಟ್ಟಳು. "ಇದು ರಸ್ತೆ ಕಡೆ ಬಾಗಿಲು. ಇದು ಪಾಸ್‌ಪೋರ್ಟ್ ಕೌಂಟರ್. ಇದು ಬೆಲ್ಟು. ಇದು ಕೂರೋ ಜಾಗ. ರಘು, ಅಡ್ಡಿಕೆ ಹೋದಾಗ ನೀವೆಲ್ಲಿದ್ರಿ?"

"ಆವತ್ತಿಂದ ಹೇಳ್ತಾನೇ ಇದೀನಲ್ಲ, ಆಚೆ ಇದ್ದೆ ಅಂತ."

"ಗೌರಮ್ಮನೋರೆ, ಇವರೆಲ್ಲಿದ್ರು ಬೆರಳಿಟ್ಟು ತೋರಿಸಿ."

ಗೌರಮ್ಮ ಮೊದಲ ಲೋಟದ ಹೊರಗೆ ಬೆರಳಿಟ್ಟರು. "ಇಲ್ಲಿ. ಬಾಗಿಲಿಂದಾಚೆ, ರೋಡಲ್ಲಿ. ಎಳನೀರು ತರಕ್ಕೆ ಹೋಗಿದ್ದ. ನಾನು ಕೂಗ್ಕೊಂಡಾಗ ತೋಟದ ಕಡೆಯಿಂದ ಬಂದ."

"ಶ್ವೇತ, ನೀವು ತೋರಿಸಿ."

ಶ್ವೇತ ಮೂಲೆಯಿಂದ ಬಂದು ಕೊನೆಯ ಲೋಟದ ಪಕ್ಕ ಬೆರಳಿಟ್ಟಳು. "ಇಲ್ಲೆ. ಬೆಲ್ಟಿನ ಆಚೆ. ಅವರೂ ಹಂಗ ಹೇಳ್ಯಾರಲ್ರಿ?"

ಅತ್ತೆ ಸೊಸೆ ಇಬ್ಬರೂ ಒಬ್ಬರ ಬೆರಳನ್ನು ಒಬ್ಬರು ನೋಡಿದರು.

"ಈ ಹುಡುಗಿ ನನ್ನ ಕಚೇರಿ ಬಾಗಿಲಲ್ಲಿ, ಚಪ್ಪಲಿ ಹೊರಗ ಬಿಡಲಾ ಅಂತ ಕೇಳಿದ್ಲು," ಎಂದಳು ಲತಕ್ಕ. "ನಮ್ಮ ಸಿದ್ಧಾರ್ಥ ಆಚೆ ಬಿಡಿ ಅಂದ. ಅವಳು ಎದುರು ಮನೆ ಕಡೆ ನೋಡಿದ್ಲು. ನಾವು ಬೆಂಗಳೂರಿನೋರು ಹೊರಗೆ ಅನ್ನೋದಕ್ಕೆ ಆಚೆ ಅಂತೀವಿ. ಅವಳ ಊರಲ್ಲಿ ಆಚೆ ಅಂದ್ರೆ ಆ ಬದಿ. ರಘು ಆಚೆ ಇದ್ದೆ ಅಂದಾಗ ನೀವೆಲ್ಲ ರೋಡಲ್ಲಿದ್ದ ಅಂದ್ಕೊಂಡ್ರಿ, ಅವಳು ಬೆಲ್ಟಿನ ಆ ಬದಿ ಅಂದ್ಕೊಂಡ್ಲು. ಅದಕ್ಕೇ ಇಷ್ಟು ದಿನ ಯಾರೂ ಯಾರ ಮಾತನ್ನೂ ಅಲ್ಲಗಳೀಲಿಲ್ಲ. ಗಂಡನ ಮೇಲೆ ಅನುಮಾನ ಪಡಬೇಕು ಅಂತ ಅವಳಿಗೆ ಹೊಳೀಲೂ ಇಲ್ಲ."

"ಅವಳು ಸುಳ್ಳು ಹೇಳ್ತಿದ್ದಾಳೆ. ನಾನು ರೋಡಲ್ಲೇ ಇದ್ದೆ," ಎಂದ ರಘು.

"ಹಾಗಾದ್ರೆ ಶ್ವೇತ ನೋಡಿದಾಗ ಲೇಸ್ ಕಟ್ಕೋತಿದ್ರಲ್ಲ, ರೋಡಲ್ಲಿ ಶೂ ಯಾಕೆ ಬಿಚ್ಚಿದ್ರಿ?"

"ರೋಡಲ್ಲಿ ಬಿಚ್ಚಿರಲಿಲ್ಲ. ಬೆಲ್ಟಲ್ಲಿ ಹಾಕಿದ್ಮೇಲೆ ಲೇಸ್ ಕಟ್ಕೊಳ್ಳೋಕೆ..." ಎಂದವನು ಅಲ್ಲಿಗೇ ನಿಂತ.

ಲತಕ್ಕ ಮುಂದುವರಿಸಿದಳು. "ಮಷಿನ್ ಕೂಗುತ್ತೆ, ಅಡ್ಡಿಕೆ ಟ್ರೇಗೆ ಬೀಳುತ್ತೆ ಅಂತ ಪ್ರವಾಸಕ್ಕೆ ಹೋಗುವಾಗಲೇ ಗೊತ್ತಾಗಿತ್ತು ನಿಮಗೆ. ಅದಕ್ಕೇ ಬರುವಾಗ ಮೊದಲೇ ದಾಟಿ ಕಾದಿದ್ರಿ. ಶ್ವೇತ ಇನ್ನೂ ಈ ಬದಿ ನಿಂತಿದ್ದಾಗ ಅಮ್ಮನ ಟ್ರೇ ನಿಮ್ಮ ಕೈಗೆ ಬಂತು. ಎತ್ಕೊಂಡು ತೋಟದ ಕಡೆ ಹೋದ್ರಿ. ಅಲ್ಲೇ ಹುಡುಕಿದ್ರೆ ನಿಮ್ಮ ಜೇಬಲ್ಲೇ ಸಿಗ್ತಿತ್ತು, ಅದಕ್ಕೆ ಕಂಪ್ಲೇಂಟ್ ಬೇಡ ಅಂದ್ರಿ. ಈಗ ಬೀರು ನೋಡಿ ಅಂತ ನೀವೇ ಅವಸರ ಮಾಡ್ತಿದ್ದೀರ. ಯಾವ ಸೀರೆ ಕೆಳಗಿಟ್ಟಿದ್ದೀರ?"

"ಧಾರೆ ಸೀರೆ," ಎಂದ ರಘು, ನೆಲ ನೋಡುತ್ತಾ.

ಚನ್ನವೀರ ಮುಖ ಮುಚ್ಚಿಕೊಂಡರು. "ನನಗೆ ಸ್ವಲ್ಪ ಡೌಟ್ ಇತ್ತು ಭಾವ. ಇವನಿಗೆ ಬೇರೆ ಹುಡುಗಿ ಇದ್ದಾಳೆ ಅಂತ ಕೇಳಿದ್ದೆ. ಪೊಲೀಸ್ ಬಂದ್ರೆ ಮನೆ ಮಾನ ಹೋಗುತ್ತೆ ಅಂತ ಬೇಡ ಅಂದೆ."

"ನಾನೇ ಅವಳನ್ನ ಬೇಡ ಅಂದಿದ್ರೆ ಅಪ್ಪ ನನ್ನನ್ನೇ ಮನೆಯಿಂದ ಹಾಕ್ತಿದ್ರು," ಎಂದ ರಘು. "ಅವಳಾಗೇ ಹೋಗ್ಲಿ ಅಂತ..."

ನಾನು ಕಳ್ಳರನ್ನು ಬೇಕಾದಷ್ಟು ನೋಡಿದ್ದೇನೆ. ಕಟ್ಟಿಕೊಂಡವಳನ್ನು ಕಳ್ಳಿ ಮಾಡಲು ಹೆತ್ತವಳ ಕುತ್ತಿಗೆಯ ಒಡವೆ ಕದ್ದವನನ್ನು ನೋಡಿರಲಿಲ್ಲ. ಗೌರಮ್ಮ ಒಳಗೆ ಹೋಗಿ ಅಡ್ಡಿಕೆ ಹಿಡಿದುಕೊಂಡು ಬಂದರು. ಅದನ್ನು ಹಾಕಿಕೊಳ್ಳಲಿಲ್ಲ.

"ರಘು, ಆಚೆ ಹೋಗು," ಎಂದರು.

ಈ ಸಲ ಆ ಮಾತನ್ನು ಯಾರೂ ತಪ್ಪಾಗಿ ತಿಳಿಯಲಿಲ್ಲ. ರಘು ತಲೆ ಎತ್ತದೆ ಬಾಗಿಲು ದಾಟಿದ. ಗೌರಮ್ಮ ಸೊಸೆಯ ಅಂಗೈಯಲ್ಲಿ ಅಡ್ಡಿಕೆ ಇಟ್ಟು, "ನೀನು ಇರಮ್ಮ. ಇದು ನಿನ್ನ ಮನೆ," ಎಂದು ಅತ್ತರು.

ಶ್ವೇತ ಅಡ್ಡಿಕೆಯನ್ನು ಮೆಲ್ಲಗೆ ಟೀಪಾಯಿಯ ಮೇಲೆ, ಆ ಲೋಟಗಳ ನಡುವೆ ಇಟ್ಟಳು.

"ನನ್ನ ಮೂಲ್ಯಾಗ ನಿಲ್ಲಿಸಿದಾಗ ಒಬ್ಬರೂ ಇದು ನನ್ನ ಮನಿ ಅನ್ನಲಿಲ್ಲ ಅತ್ತಿ," ಎಂದಳು. ಆಮೇಲೆ ಲತಕ್ಕನ ಕಡೆ ತಿರುಗಿ, "ಹೊರಗ ನಿಂತಿರ್ತೀನ್ರಿ, ಆಟೋ ಕರೀರಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.