ಕತ್ತರಿ ಬಿಸಿಲಿನಲ್ಲಿ ಮೈನಸ್ ನಲವತ್ತು

ವೆಸ್ಟ್ ಮಾಂಬಲಂನ ಓಣಿಯಲ್ಲಿ ಚರಂಡಿ ತೋಡುತ್ತಿದ್ದ ಯಂತ್ರ ಮತ್ತೆ ಕೈಕೊಟ್ಟಿತ್ತು. ಪರದೆಯ ಮೇಲೆ ಹಳದಿ ದೀಪ, ದೋಷದ ಕೋಡ್, ಅದರ ಕೆಳಗೆ ಎಂಜಿನ್ ನೀರಿನ ಉಷ್ಣತೆ — ಮೈನಸ್ ನಲವತ್ತು ಡಿಗ್ರಿ!

ಹೊರಗೆ ಮೇ ತಿಂಗಳ ಕತ್ತರಿ ಬಿಸಿಲು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಯಂತ್ರದ ಮಾಲೀಕ ಕಮಲಾಕರ ಕತ್ತಿನ ಬೆವರು ಒರೆಸಿಕೊಳ್ಳುತ್ತ ಪರದೆಯನ್ನು ದುರುಗುಟ್ಟಿ ನೋಡಿದ. ತಾನು ಹಿಮಾಲಯದಲ್ಲಿದ್ದೇನೆಂದು ನಂಬಿಬಿಟ್ಟ ಯಂತ್ರ, ಮೈ ಬಿಸಿಯಾಗುವವರೆಗೆ ಜೋರಾಗಿ ಓಡಲಾರೆ ಎಂದು ಹಟ ಹಿಡಿದು ಗೊಣಗುತ್ತಿತ್ತು.

ಆಗಲೇ ಮೂರು ಸಲ ಸೆನ್ಸರ್ ಬದಲಾಯಿಸಿಯಾಗಿತ್ತು. ವೇಲಚೇರಿಯ ಮೆಕ್ಯಾನಿಕ್ ಸುರೇಶ ಬಂದು ಹೊಸದನ್ನು ಹಾಕಿದ ಕೂಡಲೇ ಎಲ್ಲ ಸರಿ. ಮರುದಿನ ಬೆಳಿಗ್ಗೆಯೂ ಸರಿ. ಮಧ್ಯಾಹ್ನದ ಬಿಡುವು ಮುಗಿಸಿ ಚಾಲೂ ಮಾಡಿದರೆ ಮತ್ತದೇ ಕೋಡ್, ಅದೇ ಮೈನಸ್ ನಲವತ್ತು.

ಇದು ಯಾರದೋ ಕೈವಾಡ ಎನ್ನುವುದರಲ್ಲಿ ಕಮಲಾಕರನಿಗೆ ಸಂಶಯವೇ ಉಳಿದಿರಲಿಲ್ಲ. ಯಾರದು? ಬಿಡುವಿನಲ್ಲಿ ತಗಡಿನ ಬೇಲಿಯೊಳಗೆ ಯಂತ್ರದ ಜೊತೆ ಇರುವವನು ಒಬ್ಬನೇ — ಚಾಲಕ ಶೀನ. ಉಡುಪಿ ಕಡೆಯವನು. ಅಣ್ಣತಮ್ಮಂದಿರೆಲ್ಲ ನುಂಗಂಬಾಕ್ಕಂನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರೆ ಇವನೊಬ್ಬ ಮಣ್ಣು ತೋಡಲು ಬಂದವನು. ಇಷ್ಟು ವರ್ಷ ಮನೆಯವನ ಹಾಗೆ ಇದ್ದು, ಈಗ ಮಧ್ಯಾಹ್ನ ಒಂದಿಷ್ಟು ಹೆಚ್ಚು ನಿದ್ದೆ ಹೊಡೆಯಲು ವೈರು ಕೀಳುವುದೇ? ಕಮಲಾಕರನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಸಾಕ್ಷಿಯೂ ಸಿಕ್ಕಿತ್ತು. ಬಿಡುವಿನ ಹೊತ್ತಿನಲ್ಲಿ ಶೀನ ಬಾನೆಟ್ಟಿನ ಪಕ್ಕ ನಿಂತು ಟವೆಲ್ ಬೀಸುತ್ತಿದ್ದುದನ್ನು ಎದುರುಮನೆಯ ಸುಜಯೀಂದ್ರ ಬೇಲಿಯ ಸಂದಿಯಿಂದ ಇಣುಕಿ ನೋಡಿದ್ದ.

ಟವೆಲ್ ಏಕೆ ಬೀಸಿದೆ ಎಂದರೆ ಶೀನ ತಲೆ ತಗ್ಗಿಸಿದ.

"ಸಾಯಂಕಾಲದೊಳಗೆ ನಿಜ ಹೇಳು. ಇಲ್ದಿದ್ರೆ ನಾಳೆಯಿಂದ ಬರಬೇಡ," ಎಂದುಬಿಟ್ಟ ಕಮಲಾಕರ.

ಅಷ್ಟರಲ್ಲಿ ರಂಜನಿ ಬಂದಳು. ಊರಿನ ದೊಡ್ಡ ಯಂತ್ರಗಳ ಕೋಡ್‌ಗಳನ್ನು ಓದಿ ರೋಗ ಹೇಳುವುದೇ ಅವಳ ಕೆಲಸ. ಲ್ಯಾಪ್‌ಟಾಪ್ ಜೋಡಿಸಿ ಒಂದು ನಿಮಿಷ ನೋಡಿ ಮುಚ್ಚಿಟ್ಟಳು. ಕಮಲಾಕರನಿಗೆ ನಿರಾಸೆಯಾಯಿತು. ಇಷ್ಟಕ್ಕೆ ಇವಳನ್ನು ಕರೆಸಬೇಕಿತ್ತೇ?

"ಮೋಡ ಇದ್ದ ದಿನ ಏನಾಯ್ತು, ಸಾರ್?"

ಮೋಡವೇ? ಹಿಂದಿನ ವಾರ ಎರಡು ದಿನ ಮೋಡ ಕವಿದಿತ್ತು. ಆಗ ಯಂತ್ರ ತಕರಾರು ಮಾಡಿರಲಿಲ್ಲ.

"ಎಂಜಿನ್ನಿನ ಪಕ್ಕದ ಬಾಗಿಲು ಎಲ್ಲಿ?"

ಕಾವು ಹೋಗಲೆಂದು ತಾನೇ ತೆಗೆಸಿದ್ದಾಗಿ ಕಮಲಾಕರ ಹೇಳಿದ. ತೆರೆದ ಜಾಗದಲ್ಲಿ ಕರಿಯ ವೈರುಗಳ ಕಂತೆ ಕಾಣುತ್ತಿತ್ತು. ರಂಜನಿ ಅದನ್ನು ಬೆರಳಿನಿಂದ ಎತ್ತಿದಳು. ಸೆನ್ಸರಿನ ಪ್ಲಗ್ ಅರ್ಧ ಹೊರಬಂದಿತ್ತು. ಅದರ ಕೊಂಡಿ ಮುರಿದಿತ್ತು. ವೈರಿಗೆ ಏನೋ ಬೆಳ್ಳಗೆ ಅಂಟಿ ಒಣಗಿತ್ತು.

"ಇದೇನು?"

"ಕಾಗೆ ಹಿಕ್ಕೆ. ಸುರೇಶ ಪ್ರತಿ ಸಲ ಒರೆಸ್ತಾನೆ."

ರಂಜನಿ ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದಾಗ ಕಮಲಾಕರ ಮುಖ ಹಿಂಡಿದ. ಅವಳು ಮಾತ್ರ ನಕ್ಕಳು.

ಹೊತ್ತಿಗೆ ಸರಿಯಾಗಿ ಕಮಲಾಕರನ ತಾಯಿ ಜಾನಕಮ್ಮ ಎಲ್ಲರನ್ನೂ ಅದೇ ಓಣಿಯ ನೆಲಮಹಡಿಯಲ್ಲಿದ್ದ ತಮ್ಮ ಫ್ಲಾಟಿನ ಜಗಲಿಗೆ ಕಾಫಿಗೆ ಕರೆದರು. ಜೊತೆಗೆ ಕರಿದ ಅಕ್ಕಿ ಸಂಡಿಗೆ. ಯಂತ್ರಕ್ಕೆ ಯಾರದೋ ಕಣ್ಣು ಬಿದ್ದಿದೆ ಎಂದು ಆಕೆ ಆಗಲೇ ಅದಕ್ಕೆ ನಿಂಬೆಹಣ್ಣು ಕಟ್ಟಿಸಿದ್ದರು. ರಂಜನಿ ಸಂಡಿಗೆಯನ್ನು ನಿಧಾನವಾಗಿ ಕಡಿದಳು.

"ಜೀರಿಗೆ ಹಾಕಿದೀರಾ ಮಾಮಿ? ಮನೇಲೇ ಮಾಡಿದ್ದಾ?"

"ಇಲ್ಲಮ್ಮಾ. ನುಂಗಂಬಾಕ್ಕಂನಿಂದ ನನ್ನ ತಂಗಿ ವೆಂಕಟಲಕ್ಷ್ಮಿ ಕಳಿಸಿದ್ದು."

ಕಮಲಾಕರ ಹೌದೆಂದು ತಲೆಯಾಡಿಸಿದ. ಅಮ್ಮನಿಗೆ ರಕ್ತದ ಒತ್ತಡ. ಬಿಸಿಲಿಗೆ ಹೋಗಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಸೋಲಾರ್ ಹಲಗೆ ಕೂರಿಸಿದ ಮೇಲೆ ಅಸೋಸಿಯೇಷನ್ನಿನವರು ತಾರಸಿಗೂ ಬೀಗ ಜಡಿದಿದ್ದರು. ಸಂಡಿಗೆ ಇಡುವುದಾದರೂ ಎಲ್ಲಿ?

ಕರಿಯದ ಸಂಡಿಗೆ ನೋಡಬೇಕೆಂದಳು ರಂಜನಿ. ಜಾನಕಮ್ಮ ಹಿಂದೆಮುಂದೆ ನೋಡಿ ಡಬ್ಬಿ ತಂದರು. ರಂಜನಿ ಒಂದು ಸಂಡಿಗೆ ತೆಗೆದು ಮಗುಚಿದಳು. ಹಿಂಬದಿಯಲ್ಲಿ ಸಾಲಾಗಿ ಗೆರೆಗಳು. ಅವಳು ಸೀದಾ ಯಂತ್ರದ ಬಳಿಗೆ ನಡೆದಳು, ಎಲ್ಲರೂ ಹಿಂಬಾಲಿಸಿದರು. ಬಾನೆಟ್ಟಿನ ತಗಡಿನ ಉಬ್ಬುಗೆರೆಗಳ ಮೇಲೆ ಸಂಡಿಗೆಯನ್ನಿಟ್ಟಳು. ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿ ಕೂತಿತು.

"ನಿಮ್ಮ ತಂಗಿ ಮನೇಲೂ ಇಂಥ ಯಂತ್ರ ಇದೆಯಾ, ಮಾಮಿ?"

ಜಾನಕಮ್ಮ ಸೆರಗು ಸರಿಪಡಿಸಿಕೊಂಡರು.

ರಂಜನಿ ಬಿಡಿಸಿ ಹೇಳಿದಳು. ಕೋಡ್ ಸೆನ್ಸರಿನ ಹೆಸರು ಹೇಳಿತೆಂದು ಎಲ್ಲರೂ ಸೆನ್ಸರನ್ನೇ ದೂರಿದರು. ಆದರೆ ಕೋಡ್ ಹೇಳಿದ್ದು, ಅಲ್ಲಿಂದ ಸುದ್ದಿ ಬರುತ್ತಿಲ್ಲ ಎಂದಷ್ಟೇ. ವೈರು ಕಳಚಿದರೆ ಯಂತ್ರಕ್ಕೆ ಅದು ಕಡುಚಳಿಯ ಹಾಗೆ ತೋರುತ್ತದೆ. ಸುರೇಶ ಹೊಸ ಸೆನ್ಸರ್ ಹಾಕುವಾಗ ಪ್ಲಗ್ ಒತ್ತುತ್ತಿದ್ದ. ಸರಿಯಾಗುತ್ತಿದ್ದುದು ಆ ಒತ್ತಿನಿಂದ. ಬಿಡುವಿನಲ್ಲಿ ಬಾನೆಟ್ಟಿನ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಮೇಲೆ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಗಾಳಿಗೆ ಹಾರದಂತೆ ಪಂಚೆಯ ಮೂರು ಮೂಲೆ ದೀಪಕ್ಕೆ, ಕನ್ನಡಿಗೆ, ಹಿಡಿಕೆಗೆ ಕಟ್ಟುತ್ತಿದ್ದರು. ನಾಲ್ಕನೆಯದು ಕೈಗೆ ಸಿಕ್ಕ ವೈರಿನ ಕಂತೆಗೆ. ಅದು ಎಳೆದೆಳೆದು ಪ್ಲಗ್ ಕಿತ್ತು ಬರುತ್ತಿತ್ತು. ಕಾಗೆ ಹಿಕ್ಕೆಯೆಂದು ಒರೆಸಿ ಎಸೆದದ್ದು ಜೀರಿಗೆ ಹಾಕಿದ ಅಕ್ಕಿಹಿಟ್ಟು.

"ಮತ್ತೆ ಟವೆಲ್?" ಕಮಲಾಕರನ ದನಿ ಇಳಿದಿತ್ತು.

"ಸಂಡಿಗೆ ಇಟ್ಟ ಮೇಲೆ ಕಾಗೆ ಓಡಿಸೋಕೆ ಒಬ್ಬರು ಬೇಡವಾ, ಸಾರ್?"

ಎಲ್ಲರೂ ಶೀನನ ಕಡೆ ತಿರುಗಿದರು. ಅವನು ತೋಡಿದ್ದ ಗುಂಡಿಯನ್ನು ನೋಡುತ್ತಿದ್ದ.

"ನಾನೇ ಕಟ್ಟಿದ್ದು ಕಣೋ," ಎಂದರು ಜಾನಕಮ್ಮ. "ಡಾಕ್ಟರು ಬಿಸಿಲು ಬೇಡ ಅಂದ್ರು, ಅಸೋಸಿಯೇಷನ್ನಿನವರು ಮೊಟ್ಟೈಮಾಡಿಗೆ, ಅದೇ ತಾರಸಿಗೆ, ಪೂಟ್ಟು-ಬೀಗ ಹಾಕಿದ್ರು. ಬೇಸಗೇಲಿ ಸಂಡಿಗೆ ಇಡದೆ ಹೇಗಿರಲಿ? ಯಾರಿಗೂ ಹೇಳಬೇಡ ಅಂತ ಇವನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಅದಕ್ಕೇ ವಂಡಿ ನಿಲ್ಲತ್ತೆ ಅಂತ ನಂಗೇನು ಗೊತ್ತು? ಇವನನ್ನ ಹೋಗು ಅಂದಿದೀಯಂತ ಈಗಷ್ಟೇ ಗೊತ್ತಾಗಿದ್ದು."

"ಕೆಲಸ ಹೋಗ್ತಿತ್ತಲ್ಲೋ," ಎಂದ ಕಮಲಾಕರ. "ಒಂದು ಮಾತು ಹೇಳಬಾರದಿತ್ತಾ?"

"ಕೆಲಸ ಬೇರೆ ಕಡೆ ಸಿಗ್ತದೆ ಧಣಿ," ಎಂದ ಶೀನ. "ಅಮ್ಮನಿಗೆ ಕೊಟ್ಟ ಮಾತು ತಪ್ಪಿ, ಮತ್ತೆ ಅವರ ಕೈಯ ಕಾಫಿ ಕುಡಿಯುವುದು ಹೇಗೆ?"

ಕಮಲಾಕರನಿಗೆ ನಾಚಿಕೆಯಿಂದ ಕಣ್ಣು ಒದ್ದೆಯಾಯಿತು. ತಪ್ಪಾಯಿತು ಎಂದು ಎಲ್ಲರೆದುರಿಗೇ ಹೇಳಿದ. ರಂಜನಿ ಪ್ಲಗ್ಗಿಗೆ ಹೊಸ ಕೊಂಡಿ ಹಾಕಿ, ಪಕ್ಕದ ಬಾಗಿಲನ್ನೂ ತಿರುಗಿ ಕೂರಿಸಿ, ಒಂದು ಡಬ್ಬಿ ಸಂಡಿಗೆಯೊಂದಿಗೆ ಹೊರಟುಹೋದಳು.

ಮರುದಿನ ಮಧ್ಯಾಹ್ನ ಸುಜಯೀಂದ್ರ ಈ ಸಲ ಬೇಲಿಯ ಮೇಲಿಂದಲೇ ಇಣುಕಿದ. ಬಾನೆಟ್ಟಿನ ಮೇಲೆ ಪಂಚೆ ಹಾಸಿತ್ತು. ನಾಲ್ಕನೆಯ ಮೂಲೆಯನ್ನು ಇಟ್ಟಿಗೆಗೆ ಸುತ್ತಿ ಇಳಿಬಿಟ್ಟಿದ್ದರು. ಜಾನಕಮ್ಮ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಡಗಡೆ ನೋಡು, ಬಲಗಡೆ ನೋಡು ಎಂದು ಅಪ್ಪಣೆ ಕೊಡುತ್ತಿದ್ದರು. ಕ್ಯಾಬಿನ್ನಿನಲ್ಲಿ ಶೀನ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.

ಬಾನೆಟ್ಟಿನ ಪಕ್ಕ ನಿಂತು ಟವೆಲ್ ಬೀಸುತ್ತಿದ್ದವನು ಕಮಲಾಕರ.